ಗೂಬೆಗೆ ಬೈಯುವ ಭಾನುವಾರ

ನನ್ನ ಗಂಡನನ್ನು ಇಡೀ ಪುಯೆಬ್ಲಾ ಊರು ಬೈಯುತ್ತಿತ್ತು. ಹೆಮ್ಮೆಯಿಂದಲೇ ಹೇಳುತ್ತಿದ್ದೇನೆ. ಭಾನುವಾರ ಸಂಜೆ ಅನಾಲ್ಕೊ ಬಡಾವಣೆಯ ಅಖಾಡದಲ್ಲಿ ದೀಪ ಹತ್ತಿ, ಕಹಳೆ ಮೊಳಗಿ, ಅವನು ಕಂದು ಗರಿಯ ಮುಖವಾಡ ಹಾಕಿಕೊಂಡು ಹೊರಗೆ ಕಾಲಿಟ್ಟರೆ ಸಾಕು, ಹಲ್ಲಿಲ್ಲದ ಮುದುಕರಿಂದ ಹಿಡಿದು ಕಂಕುಳಲ್ಲಿ ಕೂಸಿರುವ ತಾಯಂದಿರವರೆಗೆ ಎಲ್ಲರೂ ಎದ್ದು ನಿಂತು ಅವನ ವಂಶವನ್ನೇ ಜಾಲಾಡುತ್ತಿದ್ದರು. ಅಖಾಡದಲ್ಲಿ ಅವನ ಹೆಸರು ಎಲ್ ತೆಕೊಲೋತೆ, ಅಂದರೆ ಗೂಬೆ. ಗೂಬೆ ಕೂಗಿದರೆ ಮನೆಯಲ್ಲಿ ಸಾವು ಎಂದು ನಂಬುವ ಜನ ಆ ಹೆಸರಿನವನಿಗೆ ಹೂವಿನ ಹಾರ ಹಾಕುತ್ತಾರೆಯೇ?

ನಮ್ಮ ಕುಸ್ತಿಯಲ್ಲಿ ಎರಡು ಪಂಗಡ. ಒಂದು ಸಜ್ಜನರದು. ಅವರು ಹಾರುತ್ತಾರೆ, ಪಲ್ಟಿ ಹೊಡೆಯುತ್ತಾರೆ, ಬಿದ್ದವನಿಗೆ ಕೈ ಕೊಟ್ಟು ಎಬ್ಬಿಸುತ್ತಾರೆ. ಇನ್ನೊಂದು ರೂದೊಗಳದು. ಅವರು ಕಣ್ಣಿಗೆ ಬೆರಳು ಹಾಕುತ್ತಾರೆ, ರೆಫರಿ ಅತ್ತ ತಿರುಗಿದಾಗ ಇತ್ತ ಒದೆಯುತ್ತಾರೆ. ನನ್ನ ಗಂಡ ರೂದೊ. ರೂದೊನಿಗೆ ಬೈಗುಳವೇ ಅನ್ನ. ಬೈಯುವವರಿಲ್ಲದಿದ್ದರೆ ಅವನು ಬಣ್ಣದ ಬಟ್ಟೆ ತೊಟ್ಟ ಹಾಸಿಗೆ ರಿಪೇರಿಯವನು, ಅಷ್ಟೆ. ವಾರದ ಉಳಿದ ದಿನಗಳಲ್ಲಿ ನನ್ನ ನಿಸೆಫೊರೊ ಮಾಡುತ್ತಿದ್ದದ್ದೂ ಅದೇ ಕೆಲಸ, ಹಳೇ ಹಾಸಿಗೆ ಬಿಚ್ಚಿ ಹತ್ತಿ ತುಂಬಿ ಹೊಲಿಯುವುದು.

ಅಷ್ಟು ಜನರಲ್ಲಿ ಎಲ್ಲರಿಗಿಂತ ಚೆನ್ನಾಗಿ ಬೈಯುತ್ತಿದ್ದವಳು ಮುಂದಿನ ಸಾಲಿನಲ್ಲಿ, ಕಂಬದ ಪಕ್ಕ ಕೂರುತ್ತಿದ್ದ ದೋನ್ಯಾ ಎಪಿಫಾನಿಯಾ. ಅವಳು ನನ್ನ ಹೆತ್ತ ತಾಯಿ. ತಾನು ಬೈಯುತ್ತಿರುವುದು ತನ್ನ ಅಳಿಯನನ್ನೇ ಎಂದು ಅವಳಿಗೆ ಗೊತ್ತಿರಲಿಲ್ಲ.

ಗೊತ್ತು ಮಾಡಿಸುವ ಹಾಗೂ ಇರಲಿಲ್ಲ. ಮುಖವಾಡದ ಹಿಂದೆ ಯಾರಿದ್ದಾರೆಂಬುದು ಅದರ ದಾರ ಬಿಗಿಯುವವರಿಗೆ ಮಾತ್ರ ಗೊತ್ತಿರಬೇಕು. ನಿಸೆಫೊರೊನ ದಾರ ಬಿಗಿಯುತ್ತಿದ್ದವಳು ನಾನು. ನಮ್ಮಮ್ಮನ ಕಿವಿಗೆ ಬಿದ್ದ ಗುಟ್ಟು ಒಲೆಯ ಮೇಲಿನ ಅವರೆ ಬೇಯುವಷ್ಟರಲ್ಲಿ ಇಡೀ ಬೀದಿ ಸುತ್ತಿ ಬರುತ್ತದೆ. ಹಾಗಾಗಿ ಮುಖವಾಡವನ್ನು ತಾರಸಿಯ ಹಗ್ಗಕ್ಕೆ ಹಾಕದೆ ನಮ್ಮ ಕೋಣೆಯೊಳಗೇ ಒಣಗಿಸುತ್ತಿದ್ದೆ. ಅಳಿಯನ ಮೈಮೇಲಿನ ಗಾಯಗಳಿಗೆ ಹಾಸಿಗೆಯ ಸ್ಪ್ರಿಂಗ್ ಹಾರಿ ಬಡಿಯಿತು ಎಂಬ ನೆಪ ಹೇಳುತ್ತಿದ್ದೆವು.

"ಎಂಥಾ ಗಂಡನ್ನ ಕಟ್ಕೊಂಡ್ಯೇ ಕೂಕಾ," ಎನ್ನುತ್ತಿದ್ದಳು ಅಮ್ಮ. "ಹಾಸಿಗೆ ಕೈಲಿ ಒದೆ ತಿನ್ನೋ ಗಂಡಸನ್ನ ನಾನು ಇಲ್ಲೇ ನೋಡಿದ್ದು."

"ಬಲವಾದ ಸ್ಪ್ರಿಂಗು, ಅತ್ತೆ," ಎಂದು ನಿಸೆಫೊರೊ ತಲೆ ತಗ್ಗಿಸಿ ಊಟ ಮಾಡುತ್ತಿದ್ದ.

ಅಮ್ಮ ಅಖಾಡಕ್ಕೆ ಬರಲು ಶುರುಮಾಡಿದ್ದು ಅಪ್ಪ ತೀರಿಕೊಂಡ ವರ್ಷ. ಅಪ್ಪನನ್ನು ಮಣ್ಣು ಮಾಡಿ ಬಂದವಳು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಳು. ತಿಂಗಳುಗಟ್ಟಲೆ ಏಳಲಿಲ್ಲ. ಪಾದ್ರಿ ಬಂದರು, ಡಾಕ್ಟರು ಬಂದರು. ಎದುರುಮನೆಯವಳು ಮೊಟ್ಟೆ ನಿವಾಳಿಸಿದಳು. ಯಾವುದೂ ನಡೆಯಲಿಲ್ಲ. ನನಗೂ ತಲೆಕೆಟ್ಟು ಒಂದು ಭಾನುವಾರ ಅವಳಿಗೆ ಬಲವಂತವಾಗಿ ಶಾಲು ಹೊದಿಸಿ, ಅಖಾಡಕ್ಕೆ ಎಳೆದುಕೊಂಡು ಹೋಗಿ, ಕೈಯಲ್ಲಿ ಒಂದು ಪೊಟ್ಟಣ ಖಾರದ ಕಡಲೆಕಾಯಿ ಇಟ್ಟು ಮುಂದಿನ ಸಾಲಿನಲ್ಲಿ ಕೂರಿಸಿದೆ. ಅವಳು ಒಂದು ಕಾಳನ್ನೂ ತಿನ್ನದೆ ಹಾಗೇ ಕೂತಿದ್ದಳು.

ಗೂಬೆ ಕುಸ್ತಿ ಕಟ್ಟೆಯ ಸುತ್ತ ಬಿಗಿದ ಹಗ್ಗ ದಾಟಿ ಕೆಳಗಿಳಿದ. ಜನರನ್ನು ಕೆರಳಿಸುವುದು ರೂದೊಗಳ ಕೆಲಸ. ಕಣ್ಣಿಗೆ ಬಿದ್ದ ಮೊದಲ ಮುದುಕಿಯ ಕೈಯಿಂದ ಪೊಟ್ಟಣ ಕಿತ್ತು ಕಡಲೆಕಾಯಿಯನ್ನೆಲ್ಲ ಗಾಳಿಗೆ ತೂರಿದ. ತೂರಿದ ಮೇಲೆ ಮುದುಕಿಯ ಮುಖ ನೋಡಿದ. ಮುಖವಾಡದ ತೂತುಗಳಲ್ಲಿ ಅವನ ಕಣ್ಣು ಅಗಲವಾದದ್ದು ನನಗೆ ಕಾಣಿಸಿತು.

ತಿಂಗಳುಗಟ್ಟಲೆ ಏಳದ ನಮ್ಮಮ್ಮ ಆಗ ಎದ್ದಳು.

"ಲೇ ಗೂಬೆ! ಗಂಡ ಸತ್ತೋಳ ಕಡಲೆಕಾಯಿಗೆ ಕೈ ಹಾಕ್ತೀಯೇನೋ, ಮಾನಗೆಟ್ಟೋನೆ!" ಎಂದು ಕೈಚೀಲವನ್ನು ಗಿರ್ರನೆ ತಿರುಗಿಸಿ ಅವನ ಬೆನ್ನಿಗೆ ಬಾರಿಸಿದಳು. ಜನ ಶಿಳ್ಳೆ ಹೊಡೆದರು. ಅವಳು ಮತ್ತೆ ಬಾರಿಸಿದಳು. ಮನೆಗೆ ಬರುವ ದಾರಿಯಲ್ಲಿ ಗಾಡಿಯ ಹತ್ತಿರ ನಿಂತು ಮಾಂಸ ತುಂಬಿದ ದೊಡ್ಡ ಸೆಮೀತಾ ಬನ್ನನ್ನು ಪೂರ್ತಿ ತಿಂದು, ಬೆರಳು ನೆಕ್ಕಿ, "ಮುಂದಿನ ವಾರಾನೂ ಬರ್ತಾನಾ ಆ ದರಿದ್ರದೋನು?" ಎಂದು ಕೇಳಿದಳು. ನಾನು ಬೀದಿಯಲ್ಲೇ ಅತ್ತುಬಿಟ್ಟೆ. ಸಂತೋಷಕ್ಕೆ.

ಆಮೇಲೆ ಎಷ್ಟೋ ವರ್ಷ ಒಂದು ಭಾನುವಾರವೂ ತಪ್ಪಲಿಲ್ಲ. ಪ್ರತಿ ವಾರ ನಿಸೆಫೊರೊ ಹಗ್ಗ ದಾಟಿ ಬಂದು ಅತ್ತೆಯ ಕಡಲೆಕಾಯಿ ಕಿತ್ತುಕೊಳ್ಳುತ್ತಿದ್ದ. ಅತ್ತೆ ಸಹಸ್ರನಾಮ ಹೇಳಿ ಕೈಚೀಲದಿಂದ ಬಾರಿಸುತ್ತಿದ್ದಳು. ಸೋಮವಾರದಿಂದ ಶನಿವಾರದವರೆಗೆ ಹೊಸ ಬೈಗುಳ ಹುಡುಕುವುದೇ ಅವಳ ಕಸುಬಾಯಿತು. ಬಟ್ಟೆ ಒಗೆಯುವಾಗಲೂ ಏನೋ ಗೊಣಗುತ್ತಾ ನಗುತ್ತಿದ್ದಳು. ನಿಸೆಫೊರೊ ಬೆನ್ನಿಗೆ ಮುಲಾಮು ಹಚ್ಚಿಸಿಕೊಳ್ಳುತ್ತಾ, "ಕೈಚೀಲದಲ್ಲಿ ಇಸ್ತ್ರಿಪೆಟ್ಟಿಗೆ ಇಟ್ಕೊಂಡ್ ಬರ್ತಾರೆ ಅನ್ಸುತ್ತೆ ಕಣೇ," ಎನ್ನುತ್ತಿದ್ದ. ಖುಷಿಯಿಂದ ಹೇಳುತ್ತಿದ್ದ.

ಹೀಗೇ ಇದ್ದಿದ್ದರೆ ಕಥೆಯೇ ಇರುತ್ತಿರಲಿಲ್ಲ. ಒಂದು ಭಾನುವಾರ ಅಮ್ಮ ಕುರ್ಚಿಯ ಮೇಲೆ ಹತ್ತಿ ನಿಂತು ಕೂಗಿದಳು: "ಗಂಡಸಾದ್ರೆ ಮುಖ ತೋರ್ಸೋ ಗೂಬೆ! ಮಿಂಚಿನ ಜೊತೆ ಮುಖವಾಡ ಪಣ ಕಟ್ಟೋ, ನೋಡೋಣ!"

ಚಿನ್ನದ ಮಿಂಚು ಎಂಬುವನು ಸಜ್ಜನರ ಕಡೆಯ ಹೀರೋ. ಮುಖವಾಡಕ್ಕೆ ಮುಖವಾಡ ಪಣ ಕಟ್ಟಿದರೆ ಸೋತವನು ಎಲ್ಲರ ಮುಂದೆ ಅದನ್ನು ತೆಗೆದು, ಹೆಸರು ಊರು ಹೇಳಬೇಕು. ಮತ್ತೆಂದೂ ಅದನ್ನು ತೊಡುವ ಹಾಗಿಲ್ಲ. ಬುದ್ಧಿ ಇದ್ದವನು ಕೇಳದವನಂತೆ ಇದ್ದುಬಿಡುತ್ತಿದ್ದ. ಆದರೆ ನನ್ನ ಗಂಡ ಇಷ್ಟು ವರ್ಷ ಆ ಸೀಟಿನ ಮಾತಿಗೆ ಉತ್ತರ ಕೊಟ್ಟು ಕೊಟ್ಟು ರೂಢಿಯಾಗಿ ಹೋಗಿದ್ದವನು. ಜನ "ಪಣ! ಪಣ!" ಎಂದು ಕಾಲು ಕುಟ್ಟುತ್ತಿದ್ದರು. ಅವನು ಮೈಕು ಕಿತ್ತುಕೊಂಡು, ಗೂಬೆಯ ಗೊಗ್ಗರು ದನಿಯಲ್ಲಿ, "ಆಯ್ತು ಮುದುಕಿ, ಕಟ್ಟಿದ್ದೀನಿ!" ಎಂದುಬಿಟ್ಟ.

ಮನೆಗೆ ಬಂದಮೇಲೆ ನಾನು ಸುಮ್ಮನಿರಲಿಲ್ಲ. "ನಿನ್ ತಲೇಲೂ ಹತ್ತಿನೇ ತುಂಬಿದ್ಯಾ? ಮುಖವಾಡ ಹೋದ್ರೆ ಅಮ್ಮನಿಗೆ ಗೊತ್ತಾಗುತ್ತೆ. ಗೊತ್ತಾದ್ಮೇಲೆ ಅವಳು ನಿನ್ನನ್ನ ಬೈತಾಳಾ? ಬೈಯೋದು ಬಿಟ್ರೆ ಮತ್ತೆ ಮಲಗಿಬಿಡ್ತಾಳೆ!"

"ಅತ್ತೆ ಕೇಳಿದ್ರು ಕಣೇ," ಎಂದ ಅವನು ಮೆಲ್ಲಗೆ. "ಹೇಗೆ ಇಲ್ಲ ಅನ್ಲಿ?"

ಯಾರು ಗೆಲ್ಲುತ್ತಾರೆಂದು ಮೊದಲೇ ಗೊತ್ತಿರುತ್ತದೆಯೇ ಎಂದು ನನ್ನನ್ನು ಕೇಳಬೇಡಿ. ಕುಸ್ತಿಯವನ ಹೆಂಡತಿ ಅದಕ್ಕೆ ಬಾಯಿ ಬಿಡುವುದಿಲ್ಲ. ಪಣದ ಕುಸ್ತಿಯ ದಿನ ಅಖಾಡದಲ್ಲಿ ಕಾಲಿಡಲು ಜಾಗವಿರಲಿಲ್ಲ. ನಿಸೆಫೊರೊ ಕಚ್ಚಿದ, ಒದ್ದ, ಕುರ್ಚಿಯಿಂದ ಹೊಡೆದ, ತನ್ನ ಜೀವನದ ಅತಿ ಒಳ್ಳೆಯ ಕುಸ್ತಿ ಆಡಿದ. ಕೊನೆಗೆ ಚಿನ್ನದ ಮಿಂಚು ಹಗ್ಗದ ಮೇಲಿಂದ ಹಾರಿ ಅವನ ಎದೆಯ ಮೇಲೆ ಬಿದ್ದಾಗ ಅವನ ಭುಜ ನೆಲದಿಂದ ಮೇಲೇಳಲಿಲ್ಲ. ಅಮ್ಮ ಕುಣಿದು ಕುಪ್ಪಳಿಸಿ ಪಕ್ಕದ ಅಪರಿಚಿತ ಗಂಡಸಿಗೆ ಮುತ್ತು ಕೊಟ್ಟಳು.

ನಾನು ಬಿಗಿದಿದ್ದ ದಾರವನ್ನು ಅವನೇ ಬಿಚ್ಚಿದ. ಮುಖವಾಡ ತೆಗೆದ. ಗುಂಡು ಮುಖ, ಬೆವರಿಗೆ ಅಂಟಿದ ಕೂದಲು, ಎರಡು ಕೆನ್ನೆಯಲ್ಲೂ ಗುಳಿ.

"ನನ್ನ ಹೆಸರು ನಿಸೆಫೊರೊ ತ್ಲಾತೆಲ್ಪಾ," ಎಂದ ಮೈಕಿನಲ್ಲಿ. "ಊರು ಅತ್ಲಿಸ್ಕೊ. ಹಾಸಿಗೆ ರಿಪೇರಿ ಮಾಡ್ತೀನಿ." ಆಮೇಲೆ ಮುಂದಿನ ಸಾಲನ್ನು ನೋಡಿ, "ಕ್ಷಮಿಸಿ, ಅತ್ತೆ," ಎಂದ.

ಅಮ್ಮನ ಕೈಯಲ್ಲಿದ್ದ ಕಡಲೆಕಾಯಿ ಕೆಳಗೆ ಚೆಲ್ಲಿತು. ಅವಳು ಶಾಲು ಹೊದ್ದು ಹೊರಟುಹೋದಳು.

ಮನೆಯಲ್ಲಿ ಅವಳು ಕೂಗಾಡಿದ್ದರೆ ನಾನು ನಿಶ್ಚಿಂತೆಯಿಂದ ಮಲಗುತ್ತಿದ್ದೆ. ಅವಳು ಮರ್ಯಾದೆ ಕೊಡಲು ಶುರುಮಾಡಿದಳು. "ನಿಸೆಫೊರೊ, ಇನ್ನೊಂದು ರೊಟ್ಟಿ ಹಾಕ್ಲಾಪ್ಪಾ? ಬೆನ್ನು ನೋಯ್ತಿದ್ಯಾಪ್ಪಾ? ನಾನು ಹೊಡೆದಿದ್ದು ಇಲ್ಲೇ ಅಲ್ವಾ?" ಎಂದು ಮುಲಾಮಿನ ಡಬ್ಬಿ ಹಿಡಿದು ಅವನ ಹಿಂದೆ ಹಿಂದೆ ಸುತ್ತುತ್ತಿದ್ದಳು. ಅವನು ಮುದುರಿ ಕೂರುತ್ತಿದ್ದ. ನಾಳೆಯಿಂದ ಅತ್ತೆ 'ನೀವು' ಅನ್ನುತ್ತಾರೇನೋ ಎಂಬ ಭಯ ಅವನಿಗೆ.

ಮುಂದಿನ ಭಾನುವಾರ ಅವಳು ಅಖಾಡಕ್ಕೆ ಬರಲಿಲ್ಲ. "ಯಾವ ಬಾಯಲ್ಲಿ ಬೈಲಿ ಕೂಕಾ? ಮನೆ ಮಗನಂಥೋನು," ಎಂದಳು.

ನಿಸೆಫೊರೊ ಬರಿಮುಖದಲ್ಲಿ ಹೊರಗೆ ಬಂದ. ಎದುರಾಳಿಯ ಕೂದಲು ಹಿಡಿದೆಳೆದ. ಜನ ಅವನ ಕೆನ್ನೆಯ ಗುಳಿ ನೋಡಿ, "ಅಯ್ಯೋ ಪಾಪ, ಎಷ್ಟು ಸಾಧು ಮುಖ!" ಎಂದರು. ನನ್ನ ಹಿಂದೆ ಕೂತವಳೊಬ್ಬಳು ತನ್ನ ಹಾಸಿಗೆಯನ್ನೂ ರಿಪೇರಿಗೆ ಕೊಡಬೇಕು ಎಂದಳು. ರೂದೊನಿಗೆ 'ಪಾಪ' ಎಂದರೆ ಅವನ ಕಥೆ ಮುಗಿದ ಹಾಗೆ. ಅಖಾಡದ ಯಜಮಾನ ದೋನ್ ವೆನ್ಸೆಸ್ಲಾವೊ ಒಳ್ಳೆಯ ಮನುಷ್ಯ, ಆದರೂ ನೇರವಾಗಿ ಹೇಳಿದ: "ಮುಂದಿನ ವಾರ ಒಂದು ಸಲ ನೋಡೋಣ, ನಿಸೆ. ಆಗ್ಲೂ ಯಾರೂ ಬೈಲಿಲ್ಲ ಅಂದ್ರೆ ನೀನು ಹಾಸಿಗೇನೇ ನೋಡ್ಕೋ."

ಆವತ್ತು ಮನೆಗೆ ಬಂದವನು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟ. ಮಾರನೇ ದಿನವೂ ಏಳಲಿಲ್ಲ, ಅದರ ಮಾರನೇ ದಿನವೂ ಏಳಲಿಲ್ಲ. ಅವನ ಹಾಸಿಗೆ ಅಂಗಡಿಯ ಬಾಗಿಲು ಮುಚ್ಚಿಯೇ ಇತ್ತು. ಅಮ್ಮ ಕೋಳಿ ಸಾರು ಮಾಡಿ ತಂದಳು. ಅದು ತಣ್ಣಗಾಯಿತು. ಅವಳು ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತು ಅವನ ಬೆನ್ನನ್ನೇ ತುಂಬ ಹೊತ್ತು ನೋಡಿದಳು.

"ನಾನೂ ಹೀಗೇ ಮಲಗಿದ್ನಲ್ಲಾ?" ಎಂದಳು.

"ಹೀಗೇ. ಇದೇ ಗೋಡೆ ಕಡೆಗೆ," ಎಂದೆ ನಾನು.

"ನನ್ನನ್ನ ಎಬ್ಬಿಸಿದ್ದು ಏನೇ?"

"ಪಾದ್ರಿ ಅಲ್ಲ, ಡಾಕ್ಟರೂ ಅಲ್ಲ. ನಿನ್ನ ಕಡಲೆಕಾಯಿ ಕಿತ್ಕೊಂಡ್ನಲ್ಲ, ಅದು."

ಅಮ್ಮ ಬಟ್ಟಲು ತೆಗೆದುಕೊಂಡು ಅಡುಗೆಮನೆಗೆ ಹೋದಳು. ಆ ವಾರವೆಲ್ಲ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಏನೋ ಗೊಣಗುತ್ತಿದ್ದದ್ದು ಕೇಳಿಸುತ್ತಿತ್ತು. ಜಪಮಾಲೆ ಹೇಳುತ್ತಿದ್ದಾಳೆ ಎಂದುಕೊಂಡೆ.

ಭಾನುವಾರ ನಿಸೆಫೊರೊನನ್ನು ಹೆಚ್ಚುಕಡಿಮೆ ಹೊತ್ತುಕೊಂಡೇ ಅಖಾಡಕ್ಕೆ ತಂದೆ. ಬಿಗಿಯಲು ದಾರವಿಲ್ಲದೆ ನನ್ನ ಕೈ ಸುಮ್ಮನೆ ಅವನ ಕತ್ತಿನ ಹಿಂದೆ ಆಡಿತು. ಕಹಳೆ ಮೊಳಗಿತು. ಅವನು ಹೊರಗೆ ಬಂದ. ಅಲ್ಲಿ ಇಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ರೂದೊನಿಗೆ ಚಪ್ಪಾಳೆ!

ಆಗ ಕಂಬದ ಪಕ್ಕದಿಂದ ಆ ದನಿ ಬಂತು.

"ಲೇ ಗೂಬೆ! ಮುಖವಾಡ ಹಾಕ್ಕೊಂಡಿದ್ದಾಗ್ಲೇ ಚೆನ್ನಾಗಿದ್ಯಲ್ಲೋ!"

ಅಮ್ಮ ಕುರ್ಚಿಯ ಮೇಲೆ ನಿಂತಿದ್ದಳು. ಒಂದು ಕೈಯಲ್ಲಿ ಕೈಚೀಲ, ಇನ್ನೊಂದರಲ್ಲಿ ಪೊಟ್ಟಣ.

"ಮಹಾಜನಗಳೇ, ಕೇಳಿ! ಈ ಮುಖ ನೋಡಿ ಮೋಸ ಹೋಗ್ಬೇಡಿ, ನಾನೂ ಹೋಗಿದ್ದೆ! ಇವನು ನನ್ನ ಅಳಿಯ! ನನ್ನ ಕೈ ಊಟ ಉಂಡು, ನನ್ನ ಕಡಲೆಕಾಯೇ ಕದ್ದ ಕಳ್ಳ! ನಮ್ಮನೆ ತಾರಸಿ ಸೋರ್ತಾ ಇದೆ, ನಾಳೆ ನಾಳೆ ಅಂತಾನೆ! ಪಾತ್ರೆಲಿರೋ ಕೊನೇ ಮಾಂಸದ ತುಂಡು ಯಾರಿಗೂ ಬಿಡಲ್ಲ! ಬಚ್ಚಲಲ್ಲಿ ಹಾಡ್ತಾನೆ, ಬೀದಿ ನಾಯಿಗಳೆಲ್ಲ ಅಳ್ತವೆ! ಊರಿಗೆಲ್ಲ ಹಾಸಿಗೆ ಹೊಲೀತಾನೆ, ಅತ್ತೆ ಹಾಸಿಗೆ ಮಾತ್ರ ಹರ್ಕಲು!"

ಆಮೇಲೆ ಮೇಲಿನ ಸಾಲಿನಿಂದ ಒಬ್ಬಳು, "ಅತ್ತೇಗೇ ಹರ್ಕಲು ಹಾಸಿಗೇನಾ? ಥೂ ನಿನ್ನ!" ಎಂದಳು. ಅಷ್ಟೇ ಬೇಕಾಗಿತ್ತು. ಆ ಅಖಾಡದಲ್ಲಿ ಅತ್ತೆಯಾಗಿದ್ದ ಪ್ರತಿಯೊಬ್ಬ ಹೆಂಗಸೂ ಎದ್ದು ನಿಂತಳು. ಗೂಬೆಗೆ ಸಿಗುತ್ತಿದ್ದ ಬೈಗುಳ ಈ ಕೆಟ್ಟ ಅಳಿಯನಿಗೆ ಸಿಕ್ಕ ಬೈಗುಳದ ಮುಂದೆ ಏನೂ ಅಲ್ಲ. ಸೂರು ಹಾರಿಹೋಗುತ್ತದೆ ಎನ್ನಿಸಿತು. ದೋನ್ ವೆನ್ಸೆಸ್ಲಾವೊ ಮೂಲೆಯಲ್ಲಿ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದ.

ನಿಸೆಫೊರೊನ ಬೆನ್ನು ನೆಟ್ಟಗಾಯಿತು, ಎದೆ ಉಬ್ಬಿತು. ಹಗ್ಗ ದಾಟಿ ಕೆಳಗಿಳಿದು, ನೇರವಾಗಿ ಅಮ್ಮನ ಮುಂದೆ ಬಂದು ನಿಂತ. ಅವನ ಕಣ್ಣು ತುಂಬಿತ್ತು, ಮರೆಮಾಡಲು ಮುಖವಾಡ ಇರಲಿಲ್ಲ. ಪೊಟ್ಟಣ ಕಿತ್ತುಕೊಂಡು ಒಂದು ಹಿಡಿ ಕಡಲೆಕಾಯಿ ಬಾಯಿಗೆ ಹಾಕಿ ಕಟಕಟ ಅಗಿದ, ಉಳಿದದ್ದನ್ನು ಗಾಳಿಗೆ ತೂರಿದ.

ಅಮ್ಮ ಕೈಚೀಲ ಎತ್ತಿದಳು. ಎತ್ತಿದವಳು ಸ್ವಲ್ಪ ಬಗ್ಗಿ ಅವನ ಕಿವಿಯಲ್ಲಿ ಏನೋ ಹೇಳಿದಳು. ಅಷ್ಟರಲ್ಲಿ ಜನರನ್ನು ತಳ್ಳಿಕೊಂಡು ಅವಳ ಪಕ್ಕಕ್ಕೆ ಬಂದಿದ್ದ ನನಗೆ ಮಾತ್ರ ಅದು ಕೇಳಿಸಿತು.

"ಮೆಲ್ಲಗೆ ಹೊಡೀತೀನಿ ಮಗನೇ. ನೀನು ಜೋರಾಗಿ ಬೀಳು."

ಅವನು ಬಿದ್ದ. ಕುರ್ಚಿಗಳ ಸಾಲನ್ನೇ ಎಳೆದುಕೊಂಡು ಬಿದ್ದ.