ಎಲ್ಲ ಚೆನ್ನಾಗಿದೆ ಮೇಡಂ

ಮೇಲ್ ಬಂದಿದ್ದು ಗುರುವಾರ ಬೆಳಿಗ್ಗೆ, ನಾನು ದೋಸೆ ಹುಯ್ಯುವಾಗ. "ಈ ಬಾರಿ ನಿಮ್ಮನ್ನು ಆಯ್ಕೆ ಮಾಡಲಾಗಿಲ್ಲ." ಅಷ್ಟೇ. ಯಾಕೆ ಅಂತ ಒಂದಕ್ಷರ ಇಲ್ಲ. ದೋಸೆ ಸೀದೋಯ್ತು.

"ಏನೇ ಯಶು, ಮೂಗಿಗೆ ವಾಸ್ನೆ ಬರಲ್ವಾ?" ಅಂತ ಅಮ್ಮ ಬಂದ್ಲು. ನನ್ನ ಮುಖ ನೋಡಿದ್ಲು. ನನ್ನ ಕೈಯಿಂದ ಸೌಟು ತಗೊಂಡು ತಾನೇ ಹುಯ್ಯಕ್ಕೆ ನಿಂತ್ಲು. ಅವಳು ಬೈದ್ರೆ ಪರವಾಗಿಲ್ಲ, ಹಿಂಗೆ ಮೆತ್ತಗಾದ್ರೇ ನಂಗೆ ಭಯ.

ಚಾಮರಾಜಪೇಟೇಲಿ ಒಂದು ಟ್ರಸ್ಟ್‌ನೋರು ಸಾಫ್ಟ್‌ವೇರ್ ಟೆಸ್ಟಿಂಗ್ ಕಲಿಸ್ತಾರೆ, ಪುಕ್ಕಟೆ. ಆ್ಯಪ್ ಜನರ ಕೈಗೆ ಹೋಗೋ ಮುಂಚೆ ಅದ್ರಲ್ಲಿ ಏನೇನು ತಪ್ಪಿದೆ ಅಂತ ಹುಡುಕೋ ಕೆಲ್ಸ. ಎಂಜಿನಿಯರಿಂಗ್ ಬೇಕಾಗಿಲ್ಲ, ನನ್ನ ಬಿ.ಕಾಂ. ಸಾಕು ಅಂತ ಅರ್ಜಿ ಹಾಕಿ, ಸಂದರ್ಶನಕ್ಕೂ ಹೋಗಿ ಬಂದಿದ್ದೆ; ಮೇಲ್ ಅವ್ರದ್ದೇ. ಆದ್ರೆ ಕ್ಲಾಸ್ ಶುರುವಾಗೋ ದಿನಕ್ಕೆ ಮೂವತ್ತು ತುಂಬಿರ್ಬಾರ್ದು. ನಂಗೆ ಮೇ ತಿಂಗಳಲ್ಲಿ ತುಂಬತ್ತೆ, ಮುಂದಿನ ಬ್ಯಾಚ್ ಏಪ್ರಿಲ್‌ಗೆ. ಅಂದ್ರೆ ಇನ್ನೊಂದೇ ಒಂದು ಸಲ. ಅಕ್ಕಿಪೇಟೆಯ ಔಷಧಿ ಅಂಗಡೀಲಿ ಬಿಲ್ ಹಾಕಿ ಹಾಕಿ ಇಷ್ಟು ವರ್ಷ ಕಳೆದೆ. ಯಜಮಾನ್ರು ಯುಗಾದಿಗೆ ಅಂಗಡೀನೇ ಮುಚ್ಚಿಬಿಡ್ತಾರಂತೆ. ಆಮೇಲೆ ನಾನೇನು ಮಾಡ್ಲಿ?

ಇಂಗ್ಲಿಷ್ ಸರಿಯಿರ್ಲಿಲ್ವಾ? ಕಾಲೇಜಿನ ಹೆಸರು ನೋಡಿ ಬಿಟ್ರಾ? ನನ್ನ ಹಣೆಬರಹಾನೇ ಇಷ್ಟಾ? ತಲೆ ಕೆಟ್ಟು ಕೆರ ಹಿಡಿದೋಯ್ತು. ಶನಿವಾರ ಅರ್ಧ ದಿನ ರಜ ಹಾಕಿ ಟ್ರಸ್ಟಿಗೇ ಹೋಗಿಬಿಟ್ಟೆ. ಕೇಳಿದ್ರೆ ತಲೆ ತೆಗೀತಾರಾ?

ಸಂದರ್ಶನ ಮಾಡಿದ್ದ ಚೂಡಾಮಣಿ ಮೇಡಂ ಇದ್ರು. "ಕೂತ್ಕೊಳ್ಳಿ" ಅಂದ್ರು. ಕುರ್ಚಿ ತುದೀಲಿ ಕೂತೆ.

"ನನ್ನನ್ನ ಯಾಕೆ ಬಿಟ್ರಿ ಅಂತ ಹೇಳ್ತೀರಾ ಮೇಡಂ? ಮುಂದಿನ ಸಲಕ್ಕೆ ತಿದ್ಕೋತೀನಿ."

ಕಂಪ್ಯೂಟರಲ್ಲಿ ನನ್ನ ಹೆಸರು ಹುಡುಕಿದ್ರು. "ಬಸ್ ಟಿಕೆಟ್ ಆ್ಯಪ್ ಒಂದನ್ನ ಕೊಟ್ಟಿದ್ವಿ. ಹೇಗಿದೆ ಅಂತ ಕೇಳಿದ್ದಕ್ಕೆ ಏನಂದ್ರಿ?"

"ಎಲ್ಲ ಚೆನ್ನಾಗಿದೆ ಮೇಡಂ ಅಂದೆ."

"ಅದ್ರಲ್ಲಿ ಬೇಕು ಅಂತಲೇ ತಪ್ಪು ಇಟ್ಟಿದ್ವಿ. ಒಂದೂ ಕಾಣ್ಲಿಲ್ವಾ?"

ಅಯ್ಯೋ ಶಿವನೇ! ಕಾಣ್ದೇ ಏನು? ನಿನ್ನೆಯ ತಾರೀಖಿಗೂ ಟಿಕೆಟ್ ಕೊಡ್ತಿತ್ತು. ಊರು ಬದಲಾಯಿಸಿದ್ರೂ ಹಳೇ ದರಾನೇ ತೋರಿಸ್ತಿತ್ತು. ವಾಪಸ್ ಹೋಗೋಣ ಅಂತ ಒತ್ತಿದ್ರೆ ದುಡ್ಡು ಕಟ್ಟೋ ಪುಟಕ್ಕೆ ಎಳ್ಕೊಂಡು ಹೋಗ್ತಿತ್ತು. ಒಂದೊಂದಾಗಿ ಹೇಳ್ದೆ. ಮೇಡಂ ಕನ್ನಡಕ ತೆಗೆದಿಟ್ರು.

"ಮತ್ತೆ ಅವತ್ತು ಯಾಕ್ರೀ ಹೇಳ್ಲಿಲ್ಲ?"

"ನೀವೇ ಮಾಡಿದ್ದು ಅನ್ಕೊಂಡೆ. ಕೇಳಕ್ಕೆ ಬಂದೋಳು ಕೊಡೋರ ಎದುರಿಗೇ ಹುಳುಕು ತೆಗೀಬಾರ್ದಲ್ವಾ? ನಮ್ಮನೇಲಿ ಹಂಗೇ ಹೇಳ್ಕೊಟ್ಟಿರೋದು. ಹೆಣ್ಣು ನೋಡಕ್ಕೆ ಬಂದೋರ ಮುಂದೆ ಕೂತಂಗೆ ಕೂತಿದ್ದೆ."

ಹೇಳ್ತಾ ಹೇಳ್ತಾ ನಂಗೇ ಮೈ ಉರೀತು. ಸಾರಿಗೆ ಉಪ್ಪು ಜಾಸ್ತಿಯಾದ್ರೆ ನಮ್ಮ ಓಕಳಿಪುರಂ ಬೀದಿಗೆಲ್ಲ ಕೇಳೋ ಹಂಗೆ ಕೂಗೋ ನಾನು, ಬಾಯಿ ಬಿಡ್ಬೇಕಾದ ಕಡೇನೇ ಬಾಯಿಗೆ ಬೀಗ ಹಾಕ್ಕೊಂಡಿದ್ದೆ. ಥೂ ನನ್ನ!

ಮೇಡಂ ನಗ್ಲಿಲ್ಲ. "ಏಪ್ರಿಲ್‌ಗೆ ಮತ್ತೆ ಅರ್ಜಿ ಹಾಕಿ ಅಂತಿದ್ದೆ. ಆದ್ರೆ ಕಟ್ಟಡದ ರಿಪೇರಿ ಇದೆ, ಆ ಬ್ಯಾಚ್ ಜುಲೈಗೆ ಹೋಗಿದೆ. ಅಷ್ಟೊತ್ತಿಗೆ ನಿಮ್ಗೆ ಮೂವತ್ತು ತುಂಬಿರತ್ತೆ. ನಿಯಮ ನಿಯಮಾನೇ, ನಾನೇನೂ ಮಾಡಕ್ಕಾಗಲ್ಲ."

"ಪರವಾಗಿಲ್ಲ ಮೇಡಂ, ಬರ್ತೀನಿ" ಅನ್ನೋ ಮಾತು ನಾಲಿಗೆ ತುದೀಲಿ ರೆಡಿ ಇತ್ತು. ಎದ್ದು ಬಾಗಿಲವರೆಗೂ ಹೋದೆ.

ತಿರುಗಿದೆ. "ಮೇಡಂ, ಆ ನಿಯಮ ತಪ್ಪು."

"ಏನಂದ್ರಿ?"

"ಮೊದ್ಲು ಹೇಳಿದ ತಾರೀಖಿಗೆ ವಯಸ್ಸು ನೋಡ್ಬೇಕು. ತಡ ಮಾಡಿದ್ದು ನೀವು. ನಿಮ್ಮ ಗೋಡೆ ರಿಪೇರಿಗೆ ನಾನ್ಯಾಕೆ ಮುದುಕಿ ಆಗ್ಲಿ?"

ಆಡಿಬಿಟ್ಟೆ. ಇನ್ನು ಮುಗೀತು ನನ್ನ ಕತೆ ಅನ್ಕೊಂಡೆ. ಮೇಡಂ ಒಂದು ಬಿಳಿ ಹಾಳೆ ಮುಂದಕ್ಕೆ ತಳ್ಳಿದ್ರು.

"ಇದನ್ನೇ ಬರ್ದು ಕೊಡಿ. ಸೋಮವಾರ ಕಮಿಟಿ ಮುಂದೆ ಇಡ್ತೀನಿ. ಒಪ್ತಾರೆ ಅಂತ ಮಾತ್ರ ಭರವಸೆ ಕೊಡಲ್ಲ."

ಬರೆಯಕ್ಕೆ ಕೂತೆ. "ದಯವಿಟ್ಟು ಕ್ಷಮಿಸಿ" ಅಂತ ಶುರು ಮಾಡಿದ್ದೆ. ಓದಿ ನೋಡಿ, ಆ ಸಾಲನ್ನ ಹೊಡೆದುಹಾಕ್ದೆ.