ಅಲುಗದೆ ನಿಂತವರು

ಚಿಕ್ಕಸ್ವಾಮಿಯವರ ಆಲೆಮನೆ ಶೀಳನೆರೆಯಿಂದ ಸ್ವಲ್ಪ ದೂರದ ಒಂದು ಊರಿನಾಚೆ, ಗದ್ದೆಗಳ ನಡುವೆ ಇತ್ತು. ಅಲ್ಲಿ ಪಾಕ ನೋಡುವ ಕೆಲಸ ಪುಟ್ಟರಾಜುವಿನದು. ಒಲೆಗೆ ಕಬ್ಬಿನ ಸಿಪ್ಪೆ ತುಂಬುವುದು ಅವನ ಹೆಂಡತಿ ಬೆಟ್ಟಮ್ಮನ ಕೆಲಸ. ಗಂಡ ಮೇಲೆ ಕಟ್ಟೆಯಲ್ಲಿ, ಕೊಪ್ಪರಿಗೆಯ ಪಕ್ಕ. ಹೆಂಡತಿ ಕೆಳಗೆ ಹಿಂಬದಿಯ ಗುಂಡಿಯಲ್ಲಿ, ಒಲೆಯ ಬಾಯಿಯ ಮುಂದೆ. ದಿನವಿಡೀ ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿರಲಿಲ್ಲ. ಅವನು ಮೇಲಿನಿಂದ "ಉರಿ ತಗ್ಸು" ಎಂದರೆ ಅವಳು ತಗ್ಗಿಸುವಳು, "ಆಕು" ಎಂದರೆ ಹಾಕುವಳು. ಮದುವೆಯಾದ ವರ್ಷದಿಂದಲೂ ಹೀಗೆಯೇ ನಡೆದಿತ್ತು.

ಕಬ್ಬಿನ ಹಾಲು ಕಾದು ಗಟ್ಟಿಯಾಗುತ್ತ ಬಂದಾಗ ನೊರೆ ಏಳುತ್ತದೆ. ಗುಳ್ಳೆಗಳು ಒಡೆಯದೆ ಒಂದರ ಮೇಲೊಂದು ಕುಳಿತು ಕೊಪ್ಪರಿಗೆಯ ಅಂಚಿನವರೆಗೆ ಏರುತ್ತವೆ. ಆಗ ಒಂದಿಷ್ಟು ಹರಳೆಣ್ಣೆ ಚಿಮುಕಿಸಿದರೆ ಸಾಕು, ಅಷ್ಟೆತ್ತರದ ನೊರೆ ಕುಸಿದು ಬೀಳುತ್ತದೆ. ಅದಕ್ಕೆಂದೇ ಎಣ್ಣೆಯ ಡಬ್ಬಿಯನ್ನು ಪಾಕದವನ ಕೈಗೆಟಕುವ ಗೂಟಕ್ಕೆ ತೂಗುಹಾಕಿರುತ್ತಾರೆ. ನೊರೆ ಏರುವ ಮುಂಚೆ ಕುದಿಯ ಸದ್ದು ಬದಲಾಗುತ್ತದೆ. ಗುಳುಗುಳು ನಿಂತು, ಯಾರೋ ಹಲ್ಲಿನ ಸಂದಿಯಲ್ಲಿ ಉಸಿರೆಳೆದ ಹಾಗೆ ಕೇಳುತ್ತದೆ. ಆಲೆಮನೆಯಲ್ಲಿ ದುಡಿಯುವ ಯಾರಿಗೂ ಆ ಸದ್ದನ್ನು ಹೇಳಿಕೊಡಬೇಕಾಗಿಲ್ಲ.

ಆ ವಾರ ಉತ್ತರದ ಒಂದು ರೈಲು ನಿಲ್ದಾಣದಲ್ಲಿ ಬಾಂಬು ಸಿಡಿದಿತ್ತು. ಸತ್ತವರ ಚಪ್ಪಲಿಗಳು ಹಳಿಯ ಮೇಲೆ ಬಿದ್ದಿದ್ದ ಚಿತ್ರ ಎಲ್ಲರ ಫೋನಿನಲ್ಲೂ ಇತ್ತು. ಊರಿನವರು ನಿಜವಾಗಿಯೂ ದುಃಖಪಟ್ಟರು. ಬೆಟ್ಟಮ್ಮ ಆ ಚಿತ್ರ ನೋಡಿ ರಾತ್ರಿ ಊಟ ಮಾಡಲಿಲ್ಲ. ಗಾಯಗೊಂಡವರಲ್ಲಿ ನಾಗಮಂಗಲ ಕಡೆಯವನೊಬ್ಬ ಇದ್ದಾನೆಂದು ಗೊತ್ತಾದಾಗ ಮಾತ್ರ ಊರಿನ ವಾಟ್ಸಾಪ್ ಗುಂಪಿನಲ್ಲಿ ದುಃಖದ ಜೊತೆಗೆ ಒಂದು ಬಗೆಯ ಹುರುಪೂ ಬಂತು. ಗುಂಪನ್ನು ನಡೆಸುತ್ತಿದ್ದವನು ಚಿಕ್ಕಸ್ವಾಮಿಯವರ ಮಗ ಕುಮಾರ್. ಮಾರನೆಯ ಬೆಳಿಗ್ಗೆ ಹಾಲಿನ ಡೈರಿಯ ಮುಂದೆ ಎಲ್ಲರೂ ಎರಡು ನಿಮಿಷ ಮೌನವಾಗಿ ನಿಲ್ಲಬೇಕೆಂದು ಅವನೇ ಹೇಳಿಕಳಿಸಿದ.

ಪುಟ್ಟರಾಜುವೂ ಹಾಲಿನ ಕ್ಯಾನಿನ ಜೊತೆ ಹೋಗಿ ನಿಂತ. ಗಾಣಕ್ಕೆ ಕಬ್ಬು ಕೊಡುವ ನಿಂಗರಾಜುವಿಗೆ ಕೊಪ್ಪರಿಗೆಯನ್ನು ಒಪ್ಪಿಸಿ ಬಂದಿದ್ದ. ಮೌನ ಶುರುವಾದ ಮೇಲೆ ಅವನ ಫೋನು ಹೊಡೆದುಕೊಂಡಿತು. ನಿಂಗರಾಜು ಆ ಕಡೆಯಿಂದ ಕೂಗುತ್ತಿದ್ದುದು ಅಕ್ಕಪಕ್ಕದವರಿಗೂ ಕೇಳಿಸಿತು.

"ಅಣ್ಣೋ, ಉಕ್ತಾ ಅದೆ, ಡಬ್ಬೀಲಿ ಎಣ್ಣೆ ಇಲ್ಲ, ಓಡ್ಬಾ!"

ಪುಟ್ಟರಾಜು ಓಡಿದ. ಮನೆಗೆ ನುಗ್ಗಿ ಎಣ್ಣೆಯ ಸೀಸೆ ತೆಗೆದುಕೊಂಡು ಆಲೆಮನೆಗೆ ಓಡಿದ. ಪಾಕ ಉಳಿಯಿತು. ಅದು ಚಿಕ್ಕಸ್ವಾಮಿಯವರ ಪಾಕ, ಎಂದರೆ ಕುಮಾರನದೇ ಪಾಕ. ಆದರೆ ಕುಮಾರ್ ಮೌನವನ್ನು ಫೋನಿನಲ್ಲಿ ಹಿಡಿಯುತ್ತಿದ್ದ. ಅದರಲ್ಲಿ ತಲೆ ತಗ್ಗಿಸಿ ನಿಂತ ಊರಿನ ನಡುವಿನಿಂದ ಒಬ್ಬ ಲುಂಗಿ ಎತ್ತಿಕಟ್ಟಿ ಓಡಿಹೋಗುವುದು ಚೆನ್ನಾಗಿ ಬಂದಿತ್ತು. ಮಧ್ಯಾಹ್ನದ ಹೊತ್ತಿಗೆ ಅದು ಕೆ.ಆರ್. ಪೇಟೆ, ಪಾಂಡವಪುರದ ಗುಂಪುಗಳಿಗೆಲ್ಲ ಹೋಗಿತ್ತು. ಸತ್ತವರಿಗಾಗಿ ಎರಡು ನಿಮಿಷ ನಿಲ್ಲಲಾಗದ ದೇಶದ್ರೋಹಿ ಎಂದು ಅದರ ಕೆಳಗೆ ಬರೆದಿತ್ತು.

ಸಂಜೆ ಡೈರಿಯ ಕಾರ್ಯದರ್ಶಿ ಧರ್ಮೇಂದ್ರ ಅವನ ಕ್ಯಾನನ್ನು ಕಾಲಿನಿಂದ ಪಕ್ಕಕ್ಕೆ ತಳ್ಳಿದ.

"ನಿನ್ ಆಲು ಬೇಡ ಕಣಪ್ಪ."

"ಯಾಕಣ್ಣ, ನೀರಾಕಿದ್ದೀನಾ?"

"ನೀರಾಕಿದ್ರೆ ಇಸ್ಕತಿದ್ದೆ. ನಿನ್ ಆಲು ಸುರುದ್ರೆ ನಮ್ದು ಸುರಿಯಲ್ಲ ಅಂತಾವ್ರೆ ಎಲ್ರೂವೆ. ನನ್ ಕೆಲ್ಸ ಕಳೀಬೇಡ, ಓಗು."

ಪುಟ್ಟರಾಜು ಚಿಕ್ಕಸ್ವಾಮಿಯವರ ಮುಂದೆ ಹೋಗಿ ನಿಂತ. "ಗೌಡ್ರೆ, ನಾನ್ಯಾಕೆ ಓಡ್ದೆ ಅಂತ ನಿಮಗ್ಗೊತ್ತು. ಒಂದ್ಮಾತು ಏಳ್ಬುಡಿ."

ಚಿಕ್ಕಸ್ವಾಮಿ ಬೆಲ್ಲದ ಅಚ್ಚೊಂದನ್ನು ಕೈಯಲ್ಲಿ ತಿರುಗಿಸಿ ನೋಡುತ್ತಿದ್ದರು. ಬಣ್ಣ ಚೆನ್ನಾಗಿ ಬಂದಿತ್ತು.

"ಗೊತ್ತು ಕಣ್ಲಾ. ಪಾಕ ಉಳಿಸ್ದೆ, ಇಲ್ಲ ಅನ್ನಲ್ಲ. ಆದ್ರೆ ಈಗ ನಾನು ಬಾಯ್ಬುಟ್ರೆ, ಬೆಲ್ಲಕ್ಕೋಸ್ಕರ ದೇಶ ಮಾರ್ದ ಅಂತ ನನ್ನೂ ನಿನ್ ಜೊತೆ ಸೇರುಸ್ತಾರೆ. ಉಡುಗ್ರು ಕಾಲ. ತಣ್ಗಾಗ್ಲಿ ತಡಿ."

ತಣ್ಣಗಾಗಲಿಲ್ಲ. ಮಗಳು ಸಹನ ಕೆ.ಆರ್. ಪೇಟೆಯಲ್ಲಿ ಪಿಯುಸಿ ಓದುತ್ತಿದ್ದಳು. ಬಸ್ಸಿನಲ್ಲಿ ಹಿಂದಿನ ಸೀಟಿನ ಹುಡುಗರು ವಿಡಿಯೋ ಜೋರಾಗಿ ಹಾಕಿದರು. "ನಿಮ್ಮಪ್ಪ ಈ ಸ್ಪೀಡಿಗೆ ಮಿಲ್ಟ್ರಿಗೆ ಸೇರ್ಬೋದಿತ್ತು ಕಣಮ್ಮಿ. ಆದ್ರೆ ಯಾವ ಕಡೆ ಮಿಲ್ಟ್ರಿಗೋ!" ಎಂದೊಬ್ಬ. ಬಸ್ಸೆಲ್ಲ ನಕ್ಕಿತು. ಅವಳ ಪಕ್ಕ ಕೂರುತ್ತಿದ್ದ ಗೆಳತಿ ಎದ್ದು ನಿಂತುಕೊಂಡೇ ಹೋದಳು. ಮಾರನೆಯ ದಿನ ಸಹನ ಕಾಲೇಜಿಗೆ ಹೊರಡಲಿಲ್ಲ. ಅದರ ಮಾರನೆಯ ದಿನವೂ ಹೊರಡಲಿಲ್ಲ. ಅಪ್ಪನ ಜೊತೆ ಮಾತು ಬಿಟ್ಟಳು.

ಕರೆದ ಹಾಲನ್ನು ಬೆಟ್ಟಮ್ಮ ಹಿತ್ತಿಲಿನ ತೆಂಗಿನ ಬುಡಕ್ಕೆ ಸುರಿದು ಬಂದು ಗಂಡನಿಗೆ ಹೇಳಿದಳು. "ನಾಯ ಅನ್ಯಾಯ ಎಲ್ಲ ಆಮೇಲೆ. ಓಗಿ ಕಾಲಿಡ್ಕ. ಎಣ್ಣುಮಗ ಮನೇಲಿ ಕುಂತದೆ."

ಪುಟ್ಟರಾಜು ತನಗಿಂತ ಹದಿನೈದು ವರ್ಷ ಚಿಕ್ಕವನಾದ ಕುಮಾರನ ಕಾಲು ಹಿಡಿದ. ಅವನು ಪಂಚಾಯಿತಿ ಕಟ್ಟೆಯ ಮೇಲೆ ಗೆಳೆಯರ ಜೊತೆ ಕೂತಿದ್ದ. ಕೆಟ್ಟ ಹುಡುಗನಲ್ಲ ಅವನು. ಊರಿಗೆ ಒಳ್ಳೆಯ ಹೆಸರು ಬರಬೇಕು ಎನ್ನುವುದು ಅವನ ನಿಜವಾದ ಆಸೆ.

"ಏಳ್ಲಾ, ಏಳು. ನಂಗೇನು ನಿನ್ಮೇಲೆ ದ್ವೇಸವಾ? ಈಗ ಬೇಕಿರೋದು ಒಗ್ಗಟ್ಟು. ಇನ್ನೊಂದು ಸಲ ನಿಂತ್ಕಳನ. ನಮ್ಮ ಆಲೆಮನೇಲೇ. ಯಜಮಾನ್ರು, ಆಳು, ಎಂಗುಸ್ರು, ಎಲ್ಲ ಒಂದೇ ಸಾಲಲ್ಲಿ. ನೀನೇ ಮಧ್ಯದಲ್ಲಿ ನಿಂತ್ಕ. ಯಾರು ಓಡೋದ ಅಂದಿದ್ರೋ ಅವ್ರೇ ಲೈಕ್ ಒತ್ತುಬೇಕು."

"ಆಯ್ತಣ್ಣ."

"ಆದ್ರೆ ಅಲುಗಾಡ್ಬಾರ್ದು. ಸೊಳ್ಳೆ ಕಚ್ಚುದ್ರೂ ಅಷ್ಟೆ. ಈ ಸಲ ಓಡುದ್ರೆ ನಾನೂ ಉಳ್ಸಾಕಾಗಲ್ಲ."

"ಕಲ್ಲಾಗಿ ನಿಂತ್ಕತೀನಿ ಅಣ್ಣ."

ಕುಮಾರನ ಗೆಳೆಯನೊಬ್ಬ, "ಕಾಲಿಗೆ ಅಗ್ಗ ಕಟ್ಟನ ಬುಡು, ಡೌಟೇ ಬೇಡ," ಎಂದ. ಎಲ್ಲರೂ ನಕ್ಕರು. ಪುಟ್ಟರಾಜುವೂ ನಕ್ಕ.

ಭಾನುವಾರ ಬೆಳಿಗ್ಗೆ ಆಲೆಮನೆಯ ತೊಲೆಗೆ ಬಾವುಟ ಕಟ್ಟಿದರು. ಕುಮಾರ್ ಸ್ಟ್ಯಾಂಡಿಗೆ ಫೋನು ಸಿಕ್ಕಿಸಿ ಅದರೊಳಗೆ ನೋಡುತ್ತಿದ್ದ. ಹಬೆ ಬಾವುಟದ ಹಿಂದೆ ಏಳುತ್ತಿದ್ದುದು ಅವನಿಗೆ ಬಹಳ ಹಿಡಿಸಿತು.

"ಬೆಟ್ಟಮ್ಮ, ಇನ್ನೊಸಿ ತುಂಬು ಕಣವ್ವ. ಹಬೆ ಚೆಂದಾಗಿ ಬರ್ಲಿ."

"ಉರಿ ಎಚ್ಚಾಯ್ತದೆ ಕಣಪ್ಪ, ಪಾಕಕ್ಕೆ ಬಂದದೆ."

"ಎಲ್ಡೇ ನಿಮಿಷ ಅಲ್ವಾ, ತುಂಬು."

ಅವಳು ಒಲೆಯ ಬಾಯಿಗೆ ಸಿಪ್ಪೆ ತುರುಕಿದಳು. ಬೆಂಕಿ ಒಳಕ್ಕೆ ಎಳೆದುಕೊಂಡ ಸದ್ದು ಮೇಲಕ್ಕೂ ಕೇಳಿಸಿತು. ಕುಮಾರ್ ಅವಳನ್ನು ಮೇಲಕ್ಕೆ ಕರೆದ. ಹೆಂಗಸರು ಕಾಣಬೇಕು ಎಂದು ಅವಳನ್ನು ಕೊಪ್ಪರಿಗೆಯ ಆಚೆ ಬದಿಗೆ, ಪಾಕ ಸುರಿಯುವ ಕಡೆಗೆ ನಿಲ್ಲಿಸಿದ. ಆ ಕಡೆ ಕಟ್ಟೆ ಸ್ವಲ್ಪ ಇಳಿಜಾರು. ಬಾವುಟದ ಕೆಳಗೆ ನಿಲ್ಲುವುದೆಂದು ಎಲ್ಲರೂ ಚಪ್ಪಲಿ ಬಿಟ್ಟಿದ್ದರು.

ಪುಟ್ಟರಾಜು ಒಮ್ಮೆ ಬಾಯಿ ತೆರೆದ. "ಅಣ್ಣ, ಇದನ್ನ ಇಳುಸ್ಬುಟ್ಟು ನಿಂತ್ಕಳನ. ಅತ್ರ ಬಂದ್ಬುಟ್ಟದೆ."

"ನೋಡ್ರಪ್ಪ, ಸುರು ಮಾಡ್ದ ಮತ್ತೆ!" ಕುಮಾರ್ ಎರಡೂ ಕೈ ಎತ್ತಿದ. ಸಾಲಿನಲ್ಲಿದ್ದವರೆಲ್ಲ ನಕ್ಕರು. "ಲೇ, ಪಾಕ ನಿಂದಾ ನಮ್ದಾ? ಓದ್ರೆ ನಮ್ದು ಓಯ್ತದೆ. ನಿಂತ್ಕಳ್ಲಾ ಸುಮ್ಕೆ."

ಗಾಣದ ಇಂಜಿನ್ನು ನಿಲ್ಲಿಸಿದರು. ಎಲ್ಲರೂ ಕಣ್ಣು ಮುಚ್ಚಿ ತಲೆ ತಗ್ಗಿಸಿದರು. ಇಂಜಿನ್ನಿನ ಸದ್ದು ಹೋದ ಮೇಲೆ ಕುದಿಯ ಸದ್ದೊಂದೇ ಉಳಿಯಿತು. ಸ್ವಲ್ಪ ಹೊತ್ತಿಗೆ ಅದೂ ಬದಲಾಯಿತು.

ಪುಟ್ಟರಾಜು ಕಣ್ಣು ತೆರೆದ. ನೊರೆ ಅಂಚಿನಿಂದ ಒಂದು ಗೇಣು ಕೆಳಗಿತ್ತು. ಡಬ್ಬಿ ಅವನ ಬಲಗೈಯ ಪಕ್ಕದಲ್ಲೇ ಇತ್ತು. ಹೆಜ್ಜೆ ಕೂಡ ಎತ್ತಬೇಕಾಗಿರಲಿಲ್ಲ, ತೋಳು ಚಾಚಿದ್ದರೆ ಸಾಕಿತ್ತು. ಅವನು ಡಬ್ಬಿಯನ್ನು ನೋಡಿದ, ಸ್ಟ್ಯಾಂಡಿನ ಮೇಲಿದ್ದ ಫೋನನ್ನು ನೋಡಿದ. ತೋಳು ಚಾಚುವುದು ಅದರಲ್ಲಿ ಹೇಗೆ ಕಾಣುತ್ತದೆಂದು ಅವನಿಗೆ ಗೊತ್ತಿತ್ತು. ಹಿಂದಿನ ವಿಡಿಯೋದಲ್ಲಿ ತಾನು ಓಡುವುದನ್ನು ನೂರು ಸಲ ನೋಡಿಕೊಂಡಿದ್ದವನಿಗೆ ಅದು ಗೊತ್ತಿಲ್ಲದೆ ಇರುವುದಿಲ್ಲ. ಎದುರಿಗೆ ನಿಂಗರಾಜುವೂ ಕಣ್ಣು ತೆರೆದಿದ್ದ. ಇಬ್ಬರ ನೋಟವೂ ಕೂಡಿತು. ನೀನೇ ಹಾಕು ಎಂಬಂತೆ ನಿಂಗರಾಜು ಹುಬ್ಬು ಹಾರಿಸಿದ. ಪುಟ್ಟರಾಜು ಅಲುಗಲಿಲ್ಲ. ನೊರೆ ತಾನಾಗಿ ಇಳಿಯಬಹುದು ಎಂದು ಒಂದು ಕ್ಷಣ ತನಗೆ ತಾನೇ ಹೇಳಿಕೊಂಡ. ತುಂಬಿದ ಉರಿಯ ಮೇಲೆ ಯಾವ ನೊರೆಯೂ ತಾನಾಗಿ ಇಳಿದದ್ದನ್ನು ಅವನು ಕಂಡಿರಲಿಲ್ಲ.

ಆಚೆ ಬದಿಯಲ್ಲಿ ಬೆಟ್ಟಮ್ಮ ಕೈಮುಗಿದು ನಿಂತಿದ್ದಳು. ಅವಳ ತುಟಿ ಅಲುಗುತ್ತಿತ್ತು. ಸತ್ತವರಿಗಾಗಿ ಏನೋ ಹೇಳಿಕೊಳ್ಳುತ್ತಿದ್ದಳು.

ನೊರೆ ಅಂಚನ್ನು ದಾಟಿ ಇಳಿಜಾರಿನ ಕಡೆಗೆ ಬಿತ್ತು. ಅದರ ಹಿಂದೆಯೇ ಪಾಕ ಹರಿಯಿತು. ಕುದಿಯುವ ನೀರಾದರೆ ಮೈಮೇಲಿಂದ ಜಾರಿಹೋಗುತ್ತದೆ. ಪಾಕ ನೀರಿಗಿಂತ ಹೆಚ್ಚು ಕಾಯುತ್ತದೆ, ಬಿದ್ದಲ್ಲಿ ಅಂಟಿಕೊಳ್ಳುತ್ತದೆ, ಒರೆಸಿದರೆ ಚರ್ಮವನ್ನೂ ಜೊತೆಗೆ ತರುತ್ತದೆ. ಬೆಟ್ಟಮ್ಮ ಚೀರಿದಳು.

ಫೋನಿನ ಹಿಂದಿದ್ದ ಕುಮಾರನಿಗೆ ಅವಳ ಮುಖ ಕಾಣುತ್ತಿತ್ತು, ಪಾದ ಕಾಣುತ್ತಿರಲಿಲ್ಲ. ದುಃಖ ತಡೆಯಲಾರದೆ ಅಳುತ್ತಿದ್ದಾಳೆ ಎಂದುಕೊಂಡ. ಯಾರೂ ಕದಲಬೇಡಿ ಎಂದು ಅಂಗೈ ತೋರಿಸಿದ. ಆ ಅಂಗೈಯನ್ನು ನೋಡಿದ ಪುಟ್ಟರಾಜು ಇನ್ನೂ ಒಂದು ಉಸಿರಿನಷ್ಟು ಹೊತ್ತು ನಿಂತ.

ಎಣ್ಣೆ ಎರಚಿದವನು ನಿಂಗರಾಜು. ನೊರೆ ತಕ್ಷಣ ಕುಸಿಯಿತು.

ಮಂಡ್ಯದ ಆಸ್ಪತ್ರೆಗೆ ಕುಮಾರನೇ ಕಾರಿನಲ್ಲಿ ಕರೆದುಕೊಂಡು ಹೋದ. ದಾರಿಯುದ್ದಕ್ಕೂ "ಏನೂ ಆಗಲ್ಲ ಕಣವ್ವ, ಏನೂ ಆಗಲ್ಲ," ಎಂದು ಅಳುತ್ತಿದ್ದ. ಅಳು ನಿಜವಾದದ್ದೇ. ಅವತ್ತು ಸಂಜೆಯೇ ವಿಡಿಯೋವನ್ನೂ ಹಾಕಿದ. ಅವಳು ಚೀರುವುದಕ್ಕೆ ಮುಂಚೆಯೇ ಅದನ್ನು ಕತ್ತರಿಸಿ, ಕುದಿಯುವ ಪಾಕ ಬಿದ್ದರೂ ಕದಲದ ಮಂಡ್ಯದ ತಾಯಿ ಎಂದು ಬರೆದಿದ್ದ. ಈ ಸಲ ಅದು ಜಿಲ್ಲೆ ದಾಟಿ ಹೋಯಿತು.

ಮಾರನೆಯ ಬೆಳಿಗ್ಗೆ ಧರ್ಮೇಂದ್ರ ಮನೆ ಬಾಗಿಲಿಗೇ ಬಂದು ಕ್ಯಾನು ತೆಗೆದುಕೊಂಡು ಹೋದ. ಬಸ್ಸಿನಲ್ಲಿ ಸಹನಳಿಗೆ ಕಿಟಕಿ ಪಕ್ಕದ ಸೀಟು ಬಿಟ್ಟುಕೊಟ್ಟರು. ಗೆಳತಿ ಕೈ ಹಿಡಿದುಕೊಂಡು ಕೂತಳು. ಶ್ರೀರಂಗಪಟ್ಟಣದಲ್ಲಿ ನಡೆದ ಐಕ್ಯತಾ ಸಮಾವೇಶದಲ್ಲಿ ಪುಟ್ಟರಾಜುವಿಗೆ ಶಾಲು ಹೊದಿಸಿದರು. ಮೈಕಿನಲ್ಲಿ ಎರಡು ಮಾತು ಆಡು ಎಂದಾಗ, "ಎಲ್ರೂ ಒಂದಾಗಿರ್ಬೇಕು," ಎಂದ. ಚಪ್ಪಾಳೆ ಬಹಳ ಹೊತ್ತು ನಡೆಯಿತು.

ಅವನು ಶಾಲು ಮಡಚಿ ಚೀಲದಲ್ಲಿಟ್ಟುಕೊಂಡು ಆಸ್ಪತ್ರೆಗೆ ಬಂದ. ಎಡಗಾಲಿನ ಬೆರಳುಗಳನ್ನು ಅವತ್ತು ಬೆಳಿಗ್ಗೆಯಷ್ಟೇ ತೆಗೆದಿದ್ದರು. ಬಲಗಾಲಿನ ವಿಚಾರ ಇನ್ನೂ ಹೇಳಿರಲಿಲ್ಲ. ಬೆಟ್ಟಮ್ಮ ಸೂರು ನೋಡುತ್ತ ಮಲಗಿದ್ದಳು.

"ಮಗ ಕಾಲೇಜಿಗೋದ್ಳಾ?"

"ಊಂ. ಆಲೂ ಇಸ್ಕತಾವ್ರೆ."

ಅವಳು ಸೂರಿನಿಂದ ಕಣ್ಣು ತೆಗೆಯದೆ ಕೇಳಿದಳು. "ಕಣ್ಬುಟ್ಟಿದ್ಯಾ ನೀನು?"

ಅವನಿಗೆ ಸುಳ್ಳು ಬಾಯಿಗೆ ಬರಲಿಲ್ಲ. "ಬುಟ್ಟಿದ್ದೆ."

"ಸದ್ದು ನಂಗೂ ಕೇಳ್ತು," ಎಂದಳು ಬೆಟ್ಟಮ್ಮ. "ಓಡನಾ ಅಂದ್ಕಂಡೆ. ಡಬ್ಬಿ ಅತ್ರ ನೀನಿದ್ದೀಯಲ್ಲ, ಎಣ್ಣೆ ಆಕ್ತೀಯ ಅಂತ ನಿಂತ್ಕಂಡೆ."

ಪುಟ್ಟರಾಜು ಮಂಚದ ಕಂಬಿ ಹಿಡಿದುಕೊಂಡ. ಏನಾದರೂ ಹೇಳುವಷ್ಟರಲ್ಲಿ ಬಾಗಿಲಿನಲ್ಲಿ ಕುಮಾರ್ ಮತ್ತು ಅವನ ಗೆಳೆಯರು ಬಂದರು. ಒಬ್ಬನ ಕೈಯಲ್ಲಿ ಹಣ್ಣಿನ ಚೀಲ, ಇನ್ನೊಬ್ಬನ ಕೈಯಲ್ಲಿ ಸಣ್ಣ ಬಾವುಟ.

"ಎಂಗಿದ್ದೀಯವ್ವಾ? ಎಲ್ಲ ಕಡೆಯಿಂದ ಕೇಳ್ತಾವ್ರೆ ಕಣವ್ವ ನಿನ್ನ. ಒಂದೇ ಒಂದು ಸಲ ಕೈ ಎತ್ತಿ ಜೈ ಅನ್ನು. ಅಷ್ಟೇ, ಓಯ್ತೀವಿ."

ಬೆಟ್ಟಮ್ಮ ಅವನ ಕಡೆ ತಿರುಗಲಿಲ್ಲ. ಕೈಗಳು ಹೊದಿಕೆಯ ಮೇಲೆ ಬಿದ್ದಿದ್ದವು. ಕುಮಾರ್ ಸ್ವಲ್ಪ ಹೊತ್ತು ಕಾದ. ಮತ್ತೆ ಫೋನು ಹಿಡಿದುಕೊಂಡೇ ಪುಟ್ಟರಾಜುವಿನ ಮುಖ ನೋಡಿದ. ಗೆಳೆಯರೂ ನೋಡಿದರು.

"ಯಾಕ್ಲಾ, ಏನಂತೆ? ಬೇಜಾರಾ?"

"ಇಲ್ಲಣ್ಣ, ಸುಸ್ತು," ಎಂದ ಪುಟ್ಟರಾಜು. ಬಾವುಟವನ್ನು ಇಸಿದುಕೊಂಡು ಅವಳ ಬೆರಳುಗಳ ನಡುವೆ ಸಿಕ್ಕಿಸಿದ. ಬೆರಳುಗಳು ಹಿಡಿಯಲಿಲ್ಲ. ಅವುಗಳ ಮೇಲೆ ತನ್ನ ಬೆರಳನ್ನು ಮುಚ್ಚಿ, ಮಣಿಕಟ್ಟಿನಲ್ಲಿ ಹಿಡಿದು ಅವಳ ಕೈಯನ್ನು ಮೇಲಕ್ಕೆತ್ತಿದ. ಜೈ ಎಂದು ತಾನೇ ಅಂದ. ಈಗ ಅವಳು ಅವನ ಮುಖವನ್ನೇ ನೋಡುತ್ತಿದ್ದಳು. ಕುಮಾರ್ ಸಾಕು ಎನ್ನುವವರೆಗೂ ಅವನು ಆ ಕೈಯನ್ನು ಇಳಿಸಲಿಲ್ಲ.