ದಪ್ಪ ಸಾಕೆಟ್ಟು

ಒಳ್ಳೆಯ ಹಾರ್ಡ್ ಡಿಸ್ಕಾಗಿದ್ದರೆ ಅದರಲ್ಲಿರುವಷ್ಟನ್ನೂ ನಕಲು ತೆಗೆಯಲು ಇಪ್ಪತ್ತು ನಿಮಿಷ ಸಾಕಿತ್ತು. ಇದು ಇಪ್ಪತ್ತು ಗಂಟೆ ಕೇಳುತ್ತಿತ್ತು. ಹದಿನೈದು ಕಳೆದಿದ್ದವು. ಇನ್ನೈದು ಬಾಕಿಯಿರುವಾಗ, ಶವದ ತಂಪುಪೆಟ್ಟಿಗೆ ತಂದವನು ಗೋಡೆಯ ಪ್ಲಗ್ಗಿಗೆ ಕೈ ಹಾಕಿದ. ಸತ್ತವನ ಹೆಂಡತಿ ಅವನ ಮಣಿಕಟ್ಟು ಹಿಡಿದಳು.

“ಅದನ್ನ ಕೀಳಬೇಡಪ್ಪ.”

“ಪೆಟ್ಟಿಗೆ ಪಿನ್ನು ದಪ್ಪ, ಅದಕ್ಕೆ ದಪ್ಪ ಸಾಕೆಟ್ಟೇ ಬೇಕಮ್ಮ. ಮನೇಲಿರೋದು ಇದೊಂದೇ. ಲ್ಯಾಪ್‌ಟಾಪನ್ನ ಆ ಕಡೆ ಹಚ್ಚಿದ್ರಾಯ್ತು. ಹತ್ತು ಸೆಕೆಂಡಿನ ಕೆಲಸ.”

ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ವರ್ಷವಾಗಿತ್ತು; ಪ್ಲಗ್ಗು ಕಿತ್ತರೆ ಡಿಸ್ಕೂ ನಿಲ್ಲುತ್ತಿತ್ತು. ಪ್ಲಗ್ಗು ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆಂದು ಗಂಡ ಅದನ್ನು ಯಾವಾಗಲೂ ದಪ್ಪ ಸಾಕೆಟ್ಟಿಗೇ ಹಚ್ಚುತ್ತಿದ್ದ. ಪಕ್ಕದಲ್ಲಿ, ಮಡಚಿದ ಟವೆಲಿನ ಮೇಲೆ, ಅಂಗೈಯಗಲದ ಡಿಸ್ಕು ಟಿಕ್ಕೆನ್ನುತ್ತಿತ್ತು. ಗಂಡನನ್ನು ಒಳಕೋಣೆಯಲ್ಲಿ ಮಲಗಿಸಿದ್ದರು. ಬೆಳಗಿನ ಜಾವ ಎದೆ ಹಿಡಿದುಕೊಂಡವನು ಮತ್ತೆ ಎದ್ದಿರಲಿಲ್ಲ.

ಗಂಡನ ಅಕ್ಕ ಬಾಗಿಲಲ್ಲೇ ನಿಂತು ಕೇಳಿದಳು: “ತಮ್ಮ ಬಸ್ಸು ಹತ್ತಿದ್ದಾನೆ, ಬರೋದು ಸಂಜೆ. ಅಲ್ಲೀತನಕ ಇವನನ್ನ ಈ ಸೆಕೇಲಿ ಹಾಗೇ ಇಡ್ತೀಯಾ?”

“ಇಡಲ್ಲ. ಹನ್ನೆರಡಕ್ಕೆ ಹೊರಡಿಸೋಣ.”

“ಒಡಹುಟ್ಟಿದವನಿಗೆ ಮುಖ ಕೂಡ ಬೇಡ್ವಾ? ಯಾರದೋ ಡಬ್ಬಿ ಹೆಚ್ಚಾಯ್ತಾ ನಿಂಗೆ?”

ಅವಳ ಕಣ್ಣು ಪರದೆಯ ಕಡೆ ಹೊರಳಿತು: ನೂರಕ್ಕೆ ಎಪ್ಪತ್ತನಾಲ್ಕು. ಒಳಗೆ ಹೋಗಿ ಗಂಡನ ಹೊದಿಕೆ ಸರಿಮಾಡಿ ಬಂದಳು. ಎಪ್ಪತ್ತನಾಲ್ಕೇ.

*

ಕೆಟ್ಟ ಡಿಸ್ಕುಗಳಿಂದ ಮಾಹಿತಿ ಉಳಿಸಿಕೊಡುತ್ತಿದ್ದ ಗಂಡನ ಹತ್ತಿರ ಹಿಂದಿನ ಸಂಜೆ ಅದನ್ನು ತಂದವಳು ಮಾತು ಬಾರದ ಮಕ್ಕಳ ಶಾಲೆಯ ಟೀಚರು. ಕೈಜಾರಿ ಬಿದ್ದಿತ್ತಂತೆ. ಅರವತ್ತೊಂದು ಮಕ್ಕಳು ಮೊದಲ ಸಲ ಬಾಯಿಬಿಟ್ಟ ದನಿ ಅದರಲ್ಲಿತ್ತು; ಇನ್ನೊಂದು ನಕಲು ಇರಲಿಲ್ಲ. ಎಲ್ಲ ಗಿರಾಕಿಗಳಂತೆ ಅವಳೂ ಅದಕ್ಕಾಗಿ ಬೈಸಿಕೊಂಡಳು. ಆಮೇಲೆ ಗಂಡ ಡಿಸ್ಕನ್ನು ಕಿವಿಗಿಟ್ಟು ಕೇಳಿದ, ಅದರ ಆರೋಗ್ಯದ ವರದಿಯನ್ನು ಪರದೆಯಲ್ಲಿ ತೆರೆದ, ವೇಗ ಅಳೆದ. ಸೆಕೆಂಡಿಗೆ ನೂರು ಎಂಬಿ ಬರಬೇಕಾದ ಕಡೆ ಎರಡನ್ನೂ ದಾಟುತ್ತಿರಲಿಲ್ಲ. ಪೂರ್ತಿ ಪರೀಕ್ಷೆ ಮಾಡಿಬಿಡಿ ಎಂದಳು ಟೀಚರು. ಅವನು ನಕ್ಕ.

“ಮೆಟ್ಟಿಲು ಹತ್ತೋಕಾಗದವನನ್ನ ಓಡಿಸಿ ನೋಡ್ತಾರಾ ಟೀಚರೇ? ಉಸಿರು ಇರೋವಾಗ್ಲೇ ಇರೋದನ್ನ ಎತ್ತಿಕೊಳ್ಳೋಣ. ಮಧ್ಯೆ ನಿಂತರೆ ಇದು ಮತ್ತೆ ಏಳಲ್ಲ. ನಾಳೆ ಎರಡು ಗಂಟೆಗೆ ಬನ್ನಿ.”

ಅವತ್ತು ಅವನೇ ಮೆಟ್ಟಿಲಲ್ಲಿ ಎರಡು ಸಲ ನಿಂತಿದ್ದ. ಅದು ಹೆಂಡತಿಗೆ ನೆನಪಾದದ್ದು ಈಗ.

*

ಸುದ್ದಿ ಕೇಳಿ ಟೀಚರು ಹನ್ನೊಂದಕ್ಕೇ ಓಡಿಬಂದಳು. ನಡೆದದ್ದು ತಿಳಿದು ತಾನೇ ಪ್ಲಗ್ಗಿನತ್ತ ಬಗ್ಗಿದಳು.

“ಕಿತ್ತುಬಿಡಿ ಅಕ್ಕ. ಈ ಭಾರ ನನ್ನ ಮೇಲೆ ಹೊರಿಸಬೇಡಿ.”

“ಎರಡು ಗಂಟೆ ಅಂತ ಅವರು ಮಾತು ಕೊಟ್ಟಿದ್ದಾರೆ. ಯಾರೂ ಮುಟ್ಟದ ಹಾಗೆ ಕೂತು ನೋಡ್ಕೊಳ್ಳಿ.”

ಮಸಣದಲ್ಲಿ ಸೈಕಲ್ ಅಂಗಡಿಯವನು, ನನ್ನ ಡಿಸ್ಕಿಗೆ ಆರೇ ತಿಂಗಳು ಆಯಸ್ಸು ಅಂದಿದ್ದ ಪುಣ್ಯಾತ್ಮ, ಮೂರು ವರ್ಷವಾಯ್ತು, ಇನ್ನೂ ತಿರುಗ್ತಿದೆ ಎಂದ. ಒಂದಿಬ್ಬರು ನಕ್ಕರು. ಅವಳ ಕಾಲು ಮಾತ್ರ ಮನೆಯ ಕಡೆ ಎಳೆಯುತ್ತಿತ್ತು. ಕರೆಂಟು ಹೋಗಿದ್ದರೆ? ಮೈದುನನಿಗೆ ಅಣ್ಣನ ಮುಖವೂ ಇಲ್ಲ, ಮಕ್ಕಳ ದನಿಯೂ ಇಲ್ಲ, ಎರಡನ್ನೂ ಕಳೆದುಕೊಂಡ ಹಾಗಾಯಿತಲ್ಲ?

ಮನೆಗೆ ಬಂದಾಗ ಎರಡೂವರೆ. ವೇಗ ಇನ್ನೂ ಕುಸಿದಿತ್ತು; ನಕಲಾದದ್ದು ನೂರಕ್ಕೆ ತೊಂಬತ್ತೊಂದು.

ಮೈದುನ ಬಂದದ್ದು ನಾಲ್ಕಕ್ಕೆ. ಅಕ್ಕ ಫೋನಿನಲ್ಲೇ ಎಲ್ಲ ಹೇಳಿದ್ದಳು. ಚಪ್ಪಲಿ ಕೂಡ ಬಿಡದೆ ಅಣ್ಣನ ಕುರ್ಚಿಯಲ್ಲಿ ಕೂತು ಡಿಸ್ಕನ್ನೇ ನೋಡಿದ.

“ಇದೇನಾ ಅತ್ತಿಗೆ?”

“ಇದೇ.”

ಅವನ ಕೈ ಡಿಸ್ಕಿನತ್ತ ಹೋಯಿತು. ಅವಳು ಮಣಿಕಟ್ಟು ಹಿಡಿದಳು. “ಇನ್ನೊಂದು ಸ್ವಲ್ಪ ಕಣಪ್ಪ.”

ಅವನು ಕೈ ಕೊಸರಿಕೊಳ್ಳಲಿಲ್ಲ. ಟೀಚರು ಪಕ್ಕದಲ್ಲೇ ಇದ್ದಳು. ಮೂವರೂ ಹಾಗೇ ಅಂಕಿ ನೋಡುತ್ತ ಕೂತರು. ಐದಕ್ಕೆ ಇಪ್ಪತ್ತು ನಿಮಿಷವಿರುವಾಗ, ತೊಂಬತ್ತೈದರಲ್ಲಿ, ಟಿಕ್ ಟಿಕ್ ನಿಂತಿತು; ಡಿಸ್ಕು ಮತ್ತೆ ಏಳಲಿಲ್ಲ.

ಅರವತ್ತೊಂದು ಮಕ್ಕಳಲ್ಲಿ ಐವತ್ತೆಂಟು ಮಂದಿಯ ದನಿ ಸಿಕ್ಕಿತು. ಮೂರು ಹೋದವು. ತಮ್ಮನಿಗೆ ಅಣ್ಣನ ಮುಖ ಸಿಗಲಿಲ್ಲ.